ನಡು ಮೂವತ್ತೊಂದು ಡಿಗ್ರಿ

ಪೈಲಟಮ್ಮ: ಗಾಳಿ ಎಲ್ಲಿಂದ ಬರತ್ತೆ ಅಂತ ರೀ ನಾನು ಕೇಳಿದ್ದು. ಎಲ್ಲಿಗೆ ಹೋಗತ್ತೆ ಅಂತ ಅಲ್ಲ.

ಟೈಲರ್: ಬಂದಿದ್ದು ಹೋಗಲೇಬೇಕಲ್ಲ ಕಣೇ. ಬಾಗಿಲಲ್ಲಿ ಬಂದು ಕಿಟಕೀಲಿ ಹೋಗತ್ತೆ. ಇದರಲ್ಲಿ ಜಗಳ ಆಡೋಕೆ ಏನಿದೆ?

ಪೈಲಟಮ್ಮ: ಬೋರ್ಡ್ ಮೇಲೆ ಇನ್ನೂರ ನಲವತ್ತು ಅಂತ ಬರೆದಿದ್ದೀರ. ಅಂದ್ರೆ ಇನ್ನೂರ ನಲವತ್ತು ಡಿಗ್ರಿ ದಿಕ್ಕಿಂದ ಗಾಳಿ ಬರ್ತಿದೆ ಅಂತ. ನೀವು ಪಕ್ಕದಲ್ಲಿ ಒಂದು ಬಾಣ ಬರೆದು ಅದನ್ನ ಆ ದಿಕ್ಕಿಗೇ ಓಡಿಸಿಬಿಟ್ಟಿದ್ದೀರ.

ಟೈಲರ್: ಬಾಣ ಚೆನ್ನಾಗಿ ಬಂದಿದೆಯಲ್ವಾ?

ಪೈಲಟಮ್ಮ: ಬಾಣ ಚೆನ್ನಾಗೇ ಇದೆ. ಇದನ್ನ ನಂಬಿ ನಾನು ಡ್ರೋನ್ ಬಿಟ್ರೆ, ವಾಪಸ್ ಬರೋವಾಗ ಎದುರುಗಾಳಿಗೆ ಸಿಕ್ಕಿ, ಬ್ಯಾಟರಿ ಮುಗಿದು, ಯಾರದೋ ತಲೆ ಮೇಲೆ ಕೂತ್ಕೊಳ್ಳತ್ತೆ.

ಟೈಲರ್ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಬೋರ್ಡಿನ ಕಡೆ ನೋಡಿದ. ಮನೆಯ ಮುಂಗೋಣೆಯೇ ಅವನ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಪರದೆ ಕಟ್ಟಿದ, ಒಬ್ಬರು ನಿಂತರೆ ತುಂಬಿಹೋಗುವ ಟ್ರಯಲ್ ರೂಮು. ಗೋಡೆಯ ಕಪ್ಪು ಬೋರ್ಡಿನ ಮೇಲೆ ಮೊದಲು ಹೊಲಿಗೆಯ ದರ ಇರುತ್ತಿತ್ತು. ಈಗ ಅಲ್ಲಿ ಹವಾಮಾನ. ವರ್ಷಗಟ್ಟಲೆ ಇದೇ ಕೋಣೆಯಲ್ಲಿ ಕೂತು ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಡತಿ ಹೋದ ತಿಂಗಳು ಪರೀಕ್ಷೆ ಪಾಸು ಮಾಡಿ ಡ್ರೋನ್ ಪೈಲಟ್ ಆಗಿದ್ದಳು. ಬೀದಿಯವರು ಒಂದೇ ವಾರದಲ್ಲಿ ಅವಳಿಗೆ ಪೈಲಟಮ್ಮ ಎಂದು ಹೆಸರಿಟ್ಟಿದ್ದರು.

ಇವತ್ತು ಅವಳ ಮೊದಲ ಕೆಲಸ. ಸೋಪಿನ ಕಾರ್ಖಾನೆಯ ಛಾವಣಿ ಎಲ್ಲೆಲ್ಲಿ ಸೀಳಿದೆ ಎಂದು ಮೇಲಿನಿಂದ ಫೋಟೋ ತೆಗೆದು ತೋರಿಸಬೇಕು. ಅದು ಚೆನ್ನಾಗಿ ಬಂದರೆ ಕಾರ್ಖಾನೆಯ ಉಳಿದ ಗೋದಾಮುಗಳ ಕೆಲಸವೂ ಅವಳಿಗೇ. ಕೆಟ್ಟರೆ, ದೊಡ್ಡ ವ್ಯಾನಿನಲ್ಲಿ ಓಡಾಡುವ, ಕಪ್ಪು ಕನ್ನಡಕದ ಇನ್ನೊಬ್ಬ ಪೈಲಟ್ ಇದ್ದೇ ಇದ್ದಾನೆ. ಟೈಲರನಿಗೆ ಹೆಂಡತಿಯ ಮೇಲೆ ಎದೆ ಬಿರಿಯುವಷ್ಟು ಹೆಮ್ಮೆಯಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಬೆಳಗಿನಿಂದ ಜಗಳವಾಡುತ್ತಿದ್ದ.

ಟೈಲರ್: ಅದಿರಲಿ. ಹವಾ ಹೇಗಿದೆ ಅಂತ ತಿಳ್ಕೊಳ್ಳೋಕೆ ಇಷ್ಟೆಲ್ಲ ಯಾಕೆ? ಕತ್ತು ಸ್ವಲ್ಪ ಚಾಚು, ಕಿಟಕೀಲಿ ನೋಡು. ಬಿಸಿಲು. ಮುಗೀತು.

ಪೈಲಟಮ್ಮ: ಕಿಟಕೀಲಿ ಕಾಣೋದು ಎದುರುಮನೆ ಗೋಡೆ ರೀ.

ಟೈಲರ್: ಗೋಡೆ ಮೇಲೆ ಬಿಸಿಲು ಬಿದ್ದಿದೆಯಲ್ಲ!

ಪೈಲಟಮ್ಮ: ನಾನೇನು ಗೋಡೆ ಮೇಲೆ ಹಾರಿಸ್ತೀನಾ? ವಿಮಾನ ನಿಲ್ದಾಣದಲ್ಲಿ ಯಂತ್ರ ಇಟ್ಕೊಂಡು, ಗಾಳಿ ಎಷ್ಟು, ಮೋಡ ಎಷ್ಟು ಎತ್ತರ, ಎಷ್ಟು ದೂರ ಕಾಣತ್ತೆ ಅಂತ ಅಳೆದು ಸಂಕೇತದಲ್ಲಿ ಬರೆದು ಕಳಿಸ್ತಾರೆ. ಮುಂದೆ ಏನಾಗತ್ತೆ ಅಂತ ಮುನ್ಸೂಚನೆ ಬೇರೆ ಕಳಿಸ್ತಾರೆ. ಅದನ್ನ ಓದದೆ ನೆಲ ಬಿಡಬೇಡಿ ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ.

ಟೈಲರ್: ಸಂಕೇತದಲ್ಲಿ ಯಾಕೆ? ಮಳೆ ಬರತ್ತೆ ಅಂತ ಬಾಯಿಬಿಟ್ಟು ಹೇಳೋಕೆ ಅವರಿಗೆ ನಾಚಿಕೆನಾ?

ಪೈಲಟಮ್ಮ: ಲೋಕದ ಪೈಲಟ್‌ಗಳಿಗೆಲ್ಲ ಒಂದೇ ಥರ ಅರ್ಥ ಆಗ್ಲಿ ಅಂತ. ಗಂಟೆ ಕೂಡ ಎಲ್ಲರಿಗೂ ಒಂದೇ. ಇಲ್ಲಿ ಒಂಬತ್ತು ಅಂತಿದ್ರೆ ಅದು ನಮ್ಮ ಗಡಿಯಾರದ ಒಂಬತ್ತಲ್ಲ.

ಟೈಲರ್: ಮತ್ತೆ ಯಾರ ಗಡಿಯಾರದ್ದು?

ಪೈಲಟಮ್ಮ: ಲೋಕದ್ದು.

ಟೈಲರ್: ಲೋಕದ ಗಡಿಯಾರ ಯಾರ ಮನೇಲಿದೆ?

ಪೈಲಟಮ್ಮ: ರೀ!

ಟೈಲರ್: ಅಲ್ಲ, ಕೀ ಕೊಡೋರು ಯಾರು ಅಂತ ಕೇಳ್ದೆ ಅಷ್ಟೇ. ಆಯ್ತು ಬಿಡು. ಈ ನಾಲ್ಕು ಒಂಬತ್ತು ಏನು? ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು?

ಪೈಲಟಮ್ಮ: ಹತ್ತು ಕಿಲೋಮೀಟರ್‌ವರೆಗೂ, ಅದರಾಚೆಗೂ ಕಣ್ಣಿಗೆ ಏನೂ ಅಡ್ಡ ಇಲ್ಲ, ಎಲ್ಲಾ ನಿಚ್ಚಳವಾಗಿ ಕಾಣತ್ತೆ ಅಂತ.

ಟೈಲರ್: ಒಂದು ಮೀಟರ್ ಬಿಟ್ಟಿದ್ದು ಯಾಕೆ? ಹತ್ತು ಸಾವಿರ ಅಂದುಬಿಟ್ರೆ ಅವರಪ್ಪನ ಗಂಟು ಹೋಗತ್ತಾ?

ಪೈಲಟಮ್ಮ: ಬರೆಯೋಕೆ ನಾಲ್ಕೇ ಅಂಕಿಗೆ ಜಾಗ ಇರೋದು.

ಟೈಲರ್: ನೋಡಿದ್ಯಾ! ಜಾಗ ಇಲ್ಲ ಅಂತ ಅಳತೆ ಕಮ್ಮಿ ಮಾಡೋರು ಅವರು. ನಾನು ಅರ್ಧ ಇಂಚು ಕಮ್ಮಿ ಮಾಡಿದ್ರೆ ಗಿರಾಕಿ ಬೀದೀಲಿ ನಿಂತು ಕೂಗ್ತಾನೆ. ನನಗೆ ಎರಡೇ ಅಳತೆ ಸಾಕು. ನಡು, ಉದ್ದ. ಮಿಕ್ಕಿದ್ದೆಲ್ಲ ಲೆಕ್ಕ. ಮನುಷ್ಯನನ್ನ ಒಂದ್ಸಲ ನೋಡಿದ್ರೆ ಅವನ ಪ್ಯಾಂಟು ತಾನಾಗೇ ಬಂದು ನನ್ನ ಕಣ್ಮುಂದೆ ನಿಂತ್ಕೊಳ್ಳತ್ತೆ. ನಿಮ್ಮವರಿಗೆ ಆಕಾಶ ನೋಡೋ ಕಣ್ಣಿಲ್ಲ, ಅದಕ್ಕೇ ಈ ಅಂಕಿಗಳು.

ಈ ಮಾತು ಹೇಳುವಾಗ ಅವನ ಕೈಯಲ್ಲಿದ್ದದ್ದು ಅದೇ ಸೋಪಿನ ಕಾರ್ಖಾನೆಯ ಮ್ಯಾನೇಜರರ ಹೊಸ ಪ್ಯಾಂಟು. ಬೆಳಗ್ಗೆ ಅಳತೆ ಕೊಟ್ಟು, ಮಧ್ಯಾಹ್ನದೊಳಗೆ ಆಗಲೇಬೇಕೆಂದು ಗಂಟುಬಿದ್ದಿದ್ದರು. ಟೈಲರ್ ಕೊನೆಯ ಗುಂಡಿ ಹಾಕಿ, ದಾರ ಕಡಿದು, ಪ್ಯಾಂಟನ್ನು ಮಡಿಸಿದ. ಎರಡನೇ ಮಡಿಕೆಗೆ ಬರುವಷ್ಟರಲ್ಲಿ ಪ್ಯಾಂಟು ಮುಗಿದುಹೋಯಿತು. ಏನೋ ಬೇಗ ಮುಗಿಯಿತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಬೆಳಗಿನಿಂದ ಅವನ ಮನಸ್ಸು ನೆಲದ ಮೇಲಿರಲಿಲ್ಲ.

ಪೈಲಟಮ್ಮ ಫೋನಿನಲ್ಲಿ ಆಗಷ್ಟೇ ಬಂದ ಹೊಸ ವರದಿಯನ್ನು ತೆರೆದಳು. ಫೋನ್ ನೋಡಿದಳು, ಬೋರ್ಡ್ ನೋಡಿದಳು, ಮತ್ತೆ ಫೋನ್ ನೋಡಿದಳು.

ಪೈಲಟಮ್ಮ: ರೀ, ಬೆಳಗ್ಗೆ ನಾನು ಓದಿದ್ದನ್ನ ಸರಿಯಾಗಿ ಬರೆದ್ರಾ?

ಟೈಲರ್: ನೀನು ಹೇಳಿದ್ದೇ ನಾನು ಬರೆದಿದ್ದು. ಒಂದು ಸೊನ್ನೆ ಆಚೀಚೆ ಇಲ್ಲ.

ಪೈಲಟಮ್ಮ: ಉಷ್ಣತೆ ಮೂವತ್ತೆಂಟು, ಇಬ್ಬನಿ ಬಿಂದು ನಲವತ್ತು ಅಂತಿದೆ.

ಟೈಲರ್: ಇದೆಯಲ್ಲ ಮತ್ತೆ. ಮೂವತ್ತೆಂಟು, ಒಂದು ಗೀಟು, ನಲವತ್ತು.

ಪೈಲಟಮ್ಮ: ಹಾಗಾಗೋಕೆ ಸಾಧ್ಯಾನೇ ಇಲ್ಲ!

ಟೈಲರ್: ಯಾಕಾಗಲ್ಲ?

ಪೈಲಟಮ್ಮ: ಗಾಳಿ ಎಷ್ಟು ತಣ್ಣಗಾದ್ರೆ ಅದರೊಳಗಿನ ತೇವ ಹನಿ ಆಗತ್ತೆ ಅನ್ನೋದೇ ಇಬ್ಬನಿ ಬಿಂದು. ಅದು ಯಾವತ್ತೂ ಉಷ್ಣತೆಗಿಂತ ಕೆಳಗೆ. ಹೆಚ್ಚಂದ್ರೆ ಸಮ. ಮೇಲೆ ಹೋಗೋ ಹಾಗೇ ಇಲ್ಲ.

ಟೈಲರ್: ದಿನಾ ಕೆಳಗೇ ಇದ್ದು ಅದಕ್ಕೂ ಬೇಜಾರಾಗಿರತ್ತೆ. ಇವತ್ತೊಂದಿನ ಹೋಗಿದೆ ಬಿಡು.

ಪೈಲಟಮ್ಮ: ಈಗಿನ ವರದೀಲಿ ಮೂವತ್ತೆರಡು, ಇಪ್ಪತ್ತೆರಡು ಅಂತಿದೆ! ಅರ್ಧ ದಿನದಲ್ಲಿ ನಲವತ್ತು ಇದ್ದದ್ದು ಇಪ್ಪತ್ತೆರಡಕ್ಕೆ ಬಿದ್ದಿದೆ. ಅಂದ್ರೆ ಆಕಾಶದಲ್ಲಿ ಏನೋ ಭಯಂಕರವಾದದ್ದು ನಡೀತಿದೆ.

ಟೈಲರ್: ಬೆಳಗಿಂದನ್ನ ಇನ್ನೊಂದ್ಸಲ ಫೋನಲ್ಲೇ ನೋಡಬಾರದಾ?

ಪೈಲಟಮ್ಮ: ಹೊಸದು ಬಂದ್ರೆ ಇದರಲ್ಲಿ ಹಳೇದು ಹೋಗಿಬಿಡತ್ತೆ. ಅದಕ್ಕೇ ಅಲ್ವಾ ಬೋರ್ಡು ಇಟ್ಟಿದ್ದು?

ಟೈಲರ್: ನೀನೇ ಓದಿದ್ದಲ್ಲ, ನೆನಪಿಲ್ವಾ?

ಪೈಲಟಮ್ಮ: ಬಾಯಿ ಓದ್ತಿತ್ತು. ತಲೆ ಬ್ಯಾಟರಿ ಮೇಲಿತ್ತು. ಬೇಡ ರೀ. ಲೆಕ್ಕಕ್ಕೆ ಸಿಗದ ಆಕಾಶಕ್ಕೆ ನಾನು ಡ್ರೋನ್ ಬಿಡಲ್ಲ.

ಜಗಳದಲ್ಲಿ ಗೆಲ್ಲುವುದು ಟೈಲರನಿಗೆ ಇಷ್ಟ. ಹೆಂಡತಿ ಸೋಲುವುದು ಬೇಕಿರಲಿಲ್ಲ. ಒಲೆಯ ಮುಂದೆ ನಿಂತು ಅವಳು ಈ ಸಂಕೇತಗಳನ್ನು ಬಾಯಿಪಾಠ ಮಾಡುತ್ತಿದ್ದಾಗ ಎಷ್ಟು ಸಲ ಹಾಲು ಉಕ್ಕಿತ್ತು, ಎಷ್ಟು ಸಲ ಅವನೇ ಸದ್ದಿಲ್ಲದೆ ಒಲೆ ಒರೆಸಿದ್ದ! ಇನ್ನೇನು ಒಂದು ಸಮಾಧಾನದ ಮಾತು ಬಾಯಿಗೆ ಬರಬೇಕು, ಅಷ್ಟರಲ್ಲಿ ಬಾಗಿಲಿಗೆ ನೆರಳು ಕವಿಯಿತು. ಮ್ಯಾನೇಜರ್. ಮೊದಲು ಅವರ ಹೊಟ್ಟೆ ಒಳಗೆ ಬಂತು, ಆಮೇಲೆ ಅವರು, ಕೊನೆಗೆ ಸೋಪಿನ ಪರಿಮಳ.

ಮ್ಯಾನೇಜರ್: ಪೈಲಟಮ್ಮಾ, ರೆಡಿನಾ? ಓನರ್ ಮೇಡಂ ಆಗಲೇ ಹೊರಟಿದ್ದಾರಂತೆ. ಟೈಲರೇ, ಪ್ಯಾಂಟ್ ರೆಡಿನಾ? ಎರಡರಲ್ಲಿ ಒಂದು ಕೈಕೊಟ್ರೂ ನನ್ನ ಕಥೆ ಮುಗೀತು.

ಟೈಲರ್: ಪ್ಯಾಂಟ್ ರೆಡಿ ಸಾರ್.

ಪೈಲಟಮ್ಮ: ಆಕಾಶ ರೆಡಿ ಇಲ್ಲ ಸಾರ್.

ಮ್ಯಾನೇಜರ್: (ಹೊರಗೆ ಇಣುಕಿ) ಯಾಕಮ್ಮ, ಮೇಲೇ ಇದೆಯಲ್ಲ!

ಪೈಲಟಮ್ಮ: ಅಂಕಿ ಸರಿ ಇಲ್ಲ ಸಾರ್. ಮೂವತ್ತೆಂಟರ ಮೇಲೆ ನಲವತ್ತು ಬಂದು ಕೂತಿದೆ.

ಮ್ಯಾನೇಜರ್: ಅದನ್ನ ಏಳಿಸಿ ಕಳಿಸಮ್ಮ! ಹೋದ ಮಳೇಲಿ ಗೋದಾಮು ಸೋರಿ, ಸೋಪೆಲ್ಲ ಕರಗಿ, ಆಳೆತ್ತರ ನೊರೆ ಎದ್ದಿತ್ತು. ಒಳಗೆ ಹೋದ ಕಾವಲುಗಾರ ಸಿಕ್ಕಿದ್ದು ಸಾಯಂಕಾಲ. ಅಷ್ಟು ಶುಭ್ರವಾಗಿ ಅವನನ್ನ ಅವನ ಹೆಂಡ್ತಿನೂ ಯಾವತ್ತೂ ನೋಡಿರಲಿಲ್ಲವಂತೆ. ಇವತ್ತು ಛಾವಣಿ ಫೋಟೋ ಮೇಡಂ ಕೈಗೆ ಹೋಗಲೇಬೇಕು. ನಿನ್ನ ಕೈಲಾಗಲ್ಲ ಅಂದ್ರೆ ಹೇಳಿಬಿಡು, ಆ ವ್ಯಾನಿನವನಿಗೇ ಫೋನ್ ಮಾಡ್ತೀನಿ.

ಪೈಲಟಮ್ಮನ ಕಣ್ಣು ತುಂಬಿಕೊಂಡಿತು. ಆದರೆ ತಲೆ ಅಡ್ಡಡ್ಡವಾಗಿಯೇ ಆಡಿತು. ಟೈಲರ್ ಮಧ್ಯೆ ಹಾರಿದ.

ಟೈಲರ್: ಸಾರ್, ಸಾರ್, ಮೊದಲು ಪ್ಯಾಂಟ್ ಹಾಕ್ಕೊಂಡು ನೋಡಿ. ಹೊಸ ಪ್ಯಾಂಟ್ ಹಾಕ್ಕೊಂಡ ಮನುಷ್ಯನಿಗೆ ಕೋಪ ನಿಲ್ಲಲ್ಲ.

ಮ್ಯಾನೇಜರ್ ಗೊಣಗುತ್ತ ಪರದೆಯ ಹಿಂದೆ ಹೋದರು. ಹಳೆಯ ಪ್ಯಾಂಟು ಪರದೆಯ ಕಂಬಿಯ ಮೇಲೆ ಬಂದು ಬಿತ್ತು. ಆಮೇಲೆ ಒಳಗಿನಿಂದ ಉಸಿರು ಬಿಗಿಹಿಡಿದ ಸದ್ದು, ಗೋಡೆಗೆ ಮೊಣಕೈ ತಾಗಿದ ಸದ್ದು, ಒಂಟಿಕಾಲಲ್ಲಿ ಕುಪ್ಪಳಿಸಿದ ಸದ್ದು.

ಮ್ಯಾನೇಜರ್: (ಒಳಗಿಂದಲೇ) ಟೈಲರೇ, ಇದರ ಮಿಕ್ಕ ಭಾಗ ಎಲ್ಲಿ?

ಟೈಲರ್: ಯಾವ ಭಾಗ ಸಾರ್?

ಮ್ಯಾನೇಜರ್: ಮಂಡಿಯಿಂದ ಕೆಳಗಿನ ಭಾಗ.

ಟೈಲರ್: ನಿಧಾನಕ್ಕೆ ಎಳ್ಕೊಳ್ಳಿ ಸಾರ್. ಹೊಸ ಬಟ್ಟೆ, ಸ್ವಲ್ಪ ಬಿಗುಮಾನ ಇರತ್ತೆ.

ಮ್ಯಾನೇಜರ್: ಮೇಲೆ ಎಳೆದ್ರೆ ಮೇಲೆ ಬರಲ್ಲ. ಕೆಳಗೆ ಎಳೆದ್ರೆ... ಅಯ್ಯೋ, ಈಗ ಕೆಳಗೂ ಬರ್ತಿಲ್ಲ! ಟೈಲರೇ, ನಾನು ಇದರೊಳಗೆ ಸಿಕ್ಕಿಹಾಕ್ಕೊಂಡಿದ್ದೀನಿ!

ಪರದೆ ಸರಿಯಿತು. ಪ್ಯಾಂಟು ಮ್ಯಾನೇಜರರ ಮಂಡಿಯ ಮೇಲೆ ಶುರುವಾಗಿ, ಹೊಟ್ಟೆಯ ತಪ್ಪಲಿನಲ್ಲಿ ಸೋತು ನಿಂತಿತ್ತು. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ಅಂತರ.

ಮ್ಯಾನೇಜರ್: ಇದೇನ್ರೀ ಇದು?

ಟೈಲರ್: ಕಾರ್ಖಾನೇಲಿ ಸೆಕೆ ಅಲ್ವಾ ಸಾರ್... ಚಡ್ಡಿ ಇರಬೇಕು ಅಂದ್ಕೊಂಡೆ.

ಮ್ಯಾನೇಜರ್: ಓನರ್ ಮೇಡಂ ಮುಂದೆ ಚಡ್ಡೀಲಿ ನಿಂತ್ಕೊಳ್ಳಲಾ?

ಟೈಲರ್: ನನ್ನ ತಪ್ಪಲ್ಲ ಸಾರ್. ಟೇಪ್ ಹಿಡಿದು ನಾನು ಹೇಳ್ತೀನಿ, ಇವಳು ಬಟ್ಟೆ ಮೇಲೇ ಚಾಕ್‌ನಲ್ಲಿ ಬರೀತಾಳೆ. ಮೊದಲಿಂದಲೂ ನಮ್ಮಲ್ಲಿ ಹಾಗೇ. ಇಗೋ ನೋಡಿ, ಉಳಿದ ತುಂಡಿನ ಮೇಲೆ ಇದೆ. ನಡು ಮೂವತ್ತೊಂದು, ಉದ್ದ ಇಪ್ಪತ್ತೆರಡು.

ಪೈಲಟಮ್ಮ: ಮೂವತ್ತೊಂದು... ಇಪ್ಪತ್ತೆರಡು...

ಅವಳು ಬಟ್ಟೆಯ ತುಂಡನ್ನು ಗಂಡನ ಕೈಯಿಂದ ಕಿತ್ತುಕೊಂಡಳು. ಅದನ್ನು ಬೋರ್ಡಿನ ಪಕ್ಕ ಹಿಡಿದಳು.

ಪೈಲಟಮ್ಮ: ರೀ! ಇದು ಇವರ ನಡು ಅಲ್ಲ. ಇದು ಬೆಳಗಿನ ಉಷ್ಣತೆ!

ಬೆಳಗ್ಗೆ ನಡೆದದ್ದು ಇಷ್ಟು. ಟೈಲರ್ ಒಂದು ಕೈಯಲ್ಲಿ ಮ್ಯಾನೇಜರರಿಗೆ ಟೇಪ್ ಸುತ್ತಿ ಅಳತೆ ಕೂಗುತ್ತಿದ್ದ, ಇನ್ನೊಂದು ಕೈಯಲ್ಲಿ ಹೆಂಡತಿ ಓದಿದ ಹವಾಮಾನವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ. ಪೈಲಟಮ್ಮ ಒಂದು ಕೈಯಲ್ಲಿ ಫೋನ್ ಹಿಡಿದು ಹವಾಮಾನ ಓದುತ್ತಿದ್ದಳು, ಇನ್ನೊಂದು ಕೈಯಲ್ಲಿ ಗಂಡ ಕೂಗಿದ ಅಳತೆಯನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದಳು. ಬಾಯಿಗಳು ಎರಡೂ ಸರಿಯಾಗಿಯೇ ಹೇಳಿದ್ದವು. ಆದರೆ ಕೊನೆಯ ಎರಡು ಅಂಕಿಗೆ ಬರುವಾಗ ಕೈಗಳು ಎದುರಿನವರ ಮಾತು ಬಿಟ್ಟು, ತಮ್ಮ ತಮ್ಮ ಬಾಯಿಯ ಮಾತನ್ನೇ ಕೇಳಿದ್ದವು.

ಟೈಲರ್: ಹಾಗಾದ್ರೆ ಬೋರ್ಡಿನ ಮೇಲಿರೋ ಮೂವತ್ತೆಂಟು, ನಲವತ್ತು...

ಪೈಲಟಮ್ಮ: ಇವರ ನಡು. ಇವರ ಉದ್ದ.

ಮ್ಯಾನೇಜರ್: ಅಂದ್ರೆ ನನ್ನ ನಡು ನೋಡಿ ಆಕಾಶ ಸರಿ ಇಲ್ಲ ಅಂದ್ಯಾ?

ಪೈಲಟಮ್ಮ: ತಪ್ಪಾಯ್ತು ಸಾರ್! ಆಕಾಶ ಬಂಗಾರದ ಹಾಗಿದೆ. ಬೆಳಗ್ಗೆ ಮೂವತ್ತೊಂದು, ಈಗ ಮೂವತ್ತೆರಡು. ಇಬ್ಬನಿ ಬಿಂದು ಇದ್ದಲ್ಲೇ ಇದೆ. ಗಾಳಿ ಮೆತ್ತಗಿದೆ. ಮುನ್ಸೂಚನೇಲಿ ರಭಸದ ಗಾಳಿ ಇರೋದು ಕತ್ತಲಾದ ಮೇಲೆ. ಎಂಥ ಒಳ್ಳೇ ದಿನ ಸಾರ್!

ಮ್ಯಾನೇಜರ್: ಯಾರಿಗೆ?

ಪೈಲಟಮ್ಮ: (ಗಂಡನ ಕಡೆ ತಿರುಗಿ) ಕಿಟಕಿ ನೋಡು ಅಂತ ನನಗೆ ಪಾಠ ಹೇಳಿದ್ರಲ್ಲ, ಇಷ್ಟು ದೊಡ್ಡ ಮನುಷ್ಯರು ಎದುರಿಗೆ ನಿಂತಿದ್ರೂ ಮೂವತ್ತೊಂದಕ್ಕೆ ಕತ್ತರಿ ಹಾಕಿದ್ರಲ್ಲ, ನಿಮ್ಮ ಕಣ್ಣು ಎಲ್ಲಿತ್ತು?

ಟೈಲರ್: ನಿನ್ನ ಡ್ರೋನ್ ಪೆಟ್ಟಿಗೆ ಮೇಲಿತ್ತು ಕಣೇ. ಬಟ್ಟೆ ಕತ್ತರಿಸೋವಾಗೆಲ್ಲ, ಅದು ಬೀಳದಿದ್ರೆ ಸಾಕು, ಬೀಳದಿದ್ರೆ ಸಾಕು ಅಂತ ಒಂದೇ ಜಪ.

ಪೈಲಟಮ್ಮ ಅವನ ಅಂಗಿಗೆ ಅಂಟಿದ್ದ ದಾರದ ತುಣುಕೊಂದನ್ನು ಬೆರಳಲ್ಲಿ ತೆಗೆದಳು.

ಮ್ಯಾನೇಜರ್: ನಿಮ್ಮ ಸಂಸಾರ ಆಮೇಲೆ ಮಾಡಿ! ಹೊತ್ತಾಯ್ತು. ನನ್ನ ಹಳೇ ಪ್ಯಾಂಟ್ ಕೊಡಿ, ಇದರ ಮೇಲೇ ಹಾಕ್ಕೊಂಡುಬಿಡ್ತೀನಿ.

ಟೈಲರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಟೈಲರ್: ಕೊಡ್ತೀನಿ ಸಾರ್. ಒಂದೊಂದೇ ಕಾಲು ಕೊಡ್ಲಾ?

ಮ್ಯಾನೇಜರ್: ಏನಂದ್ರಿ?

ಟೈಲರ್: ನೀವು ಒಳಗೆ ಒದ್ದಾಡ್ತಿದ್ರಲ್ಲ, ಸ್ವಲ್ಪ ಬಿಗಿ ಆಗಿರಬೇಕು, ಹಳೇದರಿಂದ ಬಟ್ಟೆ ತೆಗೆದು ಹೊಸದಕ್ಕೆ ಜೋಡಿಸೋಣ ಅಂತ ಬಿಚ್ಚಿಬಿಟ್ಟೆ. ನನ್ನ ಕೈ ಸ್ವಲ್ಪ ಚುರುಕು ಸಾರ್.

ಮ್ಯಾನೇಜರರ ಫೋನ್ ರಿಂಗಾಯಿತು. ಓನರ್ ಮೇಡಂ ಇನ್ನು ಹತ್ತು ನಿಮಿಷದಲ್ಲಿ ಕಾರ್ಖಾನೆಗೆ ಬರುತ್ತಾರಂತೆ. ಗಾಬರಿಗೆ ಫೋನ್ ಕೈಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತಲು ಅವರು ಬಗ್ಗಿದರು. ಬಟ್ಟೆಯ ದೊಡ್ಡ ಥಾನು ಹರಿದಂಥ ಒಂದು ಸದ್ದು ಕೋಣೆಯನ್ನೆಲ್ಲ ತುಂಬಿತು.

ಪೈಲಟಮ್ಮ: (ಮುಖ ತಿರುಗಿಸಿಕೊಂಡು, ಮೆಲ್ಲಗೆ) ನಾಲ್ಕು ಒಂಬತ್ತು ಅಂದ್ರೆ ಏನು ಅಂದ್ರಲ್ಲ. ಇದೇ.

ಟೈಲರ್ ಇಸ್ತ್ರಿ ಮಾಡುವಾಗ ಕಟ್ಟಿಕೊಳ್ಳುವ ತನ್ನ ಉದ್ದನೆಯ ಏಪ್ರನ್ ಬಿಚ್ಚಿ ಮ್ಯಾನೇಜರರಿಗೆ ಕಟ್ಟಿದ. ಮುಂದಿನಿಂದ ನೋಡಿದರೆ ಗೌರವಸ್ಥರು. ಹಿಂದಿನಿಂದ ನೋಡುವ ಹಾಗಿರಲಿಲ್ಲ. ಬೇರೆ ಪ್ಯಾಂಟು ಹುಡುಕಲು ಹೊತ್ತೂ ಇರಲಿಲ್ಲ.

ಕಾರ್ಖಾನೆಯ ಅಂಗಳದಲ್ಲಿ ಓನರ್ ಮೇಡಂ ಕಾರಿನಿಂದ ಇಳಿಯುವಾಗ ಮ್ಯಾನೇಜರ್ ಕಾಂಪೌಂಡ್ ಗೋಡೆಗೆ ಬೆನ್ನು ಅಂಟಿಸಿ ನಿಂತಾಗಿತ್ತು.

ಓನರ್: ಇದೇನ್ರೀ ಮ್ಯಾನೇಜರೇ, ಏಪ್ರನ್?

ಮ್ಯಾನೇಜರ್: ಶುಚಿತ್ವ ಮೇಡಂ. ಸೋಪಿನ ಕಾರ್ಖಾನೆ ಅಲ್ವಾ.

ಓನರ್: ಬರಿಗಾಲು ಕಾಣ್ತಿದೆಯಲ್ಲ ಕೆಳಗೆ?

ಮ್ಯಾನೇಜರ್: ಅದೂ ಶುಚಿಯಾಗಿದೆ ಮೇಡಂ.

ಓನರ್: ಸ್ವಲ್ಪ ಹತ್ತಿರ ಬನ್ನಿ, ಮಾತಾಡಬೇಕು.

ಮ್ಯಾನೇಜರ್: ಇಲ್ಲೇ ಚೆನ್ನಾಗಿ ಕೇಳಿಸತ್ತೆ ಮೇಡಂ.

ಪೈಲಟಮ್ಮ ಒಂದು ಚಿಟಿಕೆ ಮಣ್ಣು ಗಾಳಿಗೆ ಬಿಟ್ಟು ನೋಡಿ, ಫೋನಿನ ವರದಿಯನ್ನು ಕೊನೆಯ ಸಲ ಓದಿ, ಉಸಿರೆಳೆದು ರಿಮೋಟಿನ ಕಡ್ಡಿ ಒತ್ತಿದಳು. ಡ್ರೋನ್ ಎದ್ದಿತು. ಟೈಲರ್ ಬದಲಿ ಬ್ಯಾಟರಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಬೂದು ಛಾವಣಿಗಳ ಮೇಲೆ ಡ್ರೋನ್ ಸಾಲು ಹಿಡಿದು ಹೋಯಿತು, ತಿರುಗಿತು, ಮತ್ತೆ ಸಾಲು ಹಿಡಿದು ಬಂತು. ಗೇಟಿನ ಕಡೆಯಿಂದ, ಆಫೀಸಿನ ಕಡೆಯಿಂದ, ಗೋದಾಮಿನ ಕಡೆಯಿಂದ ಮ್ಯಾನೇಜರ್ ತಮ್ಮ ಬೆನ್ನನ್ನು ಕಾಪಾಡಿಕೊಂಡರು. ಓನರ್ ಮೇಡಂ ಕೈಯಿಂದ ಕನ್ನಡಕದ ಡಬ್ಬಿ ಬಿದ್ದಾಗ ಕೂಡ, ಗೋಡೆಗೆ ಬೆನ್ನು ಮಾಡಿಕೊಂಡೇ ಜಾಣತನದಿಂದ ಬಗ್ಗಿ ಎತ್ತಿಕೊಟ್ಟರು. ಮೇಲೆ ಎಂಬುದೂ ಒಂದು ದಿಕ್ಕೇ ಎಂದು ಅವರಿಗೆ ಹೊಳೆಯಲಿಲ್ಲ.

ಡ್ರೋನ್ ಹಗುರಾಗಿ ಇಳಿಯಿತು. ಓನರ್ ಮೇಡಂ ಟ್ಯಾಬ್ ತೆಗೆದುಕೊಂಡು ಫೋಟೋಗಳನ್ನು ಒಂದೊಂದಾಗಿ ಸರಿಸಿದರು.

ಓನರ್: ಇಲ್ಲೊಂದು ಬಿರುಕು. ಇಲ್ಲೊಂದು. ಹೂಂ. ಅಯ್ಯೋ, ಇದು ತುಂಬಾ ದೊಡ್ಡದು! ಉದ್ದಕ್ಕೆ ಸೀಳಿಬಿಟ್ಟಿದೆಯಲ್ಲ. ಇದು ಯಾವ ಗೋದಾಮಮ್ಮ?

ಪೈಲಟಮ್ಮ: ಅದು... ಗೋದಾಮಲ್ಲ ಮೇಡಂ.

ಓನರ್: ಮತ್ತೆ?

ಪೈಲಟಮ್ಮ: ಮ್ಯಾನೇಜರ್.

ಮ್ಯಾನೇಜರ್ ಗೋಡೆಯೊಳಗೇ ಹೊಕ್ಕುಬಿಡುವವರ ಹಾಗೆ ಹಿಂದಕ್ಕೆ ಒತ್ತಿಕೊಂಡರು. ಕೆಲಸ ಹೋಯಿತು, ವ್ಯಾನಿನವನು ಗೆದ್ದ ಎಂದು ಟೈಲರ್ ಬ್ಯಾಟರಿಯನ್ನು ಎದೆಗೆ ಅವಚಿಕೊಂಡ. ಓನರ್ ಮೇಡಂ ಫೋಟೋ ನೋಡಿದರು, ಮ್ಯಾನೇಜರರನ್ನು ನೋಡಿದರು, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಇನ್ನೂ ಹತ್ತಿರದಿಂದ ನೋಡಿದರು.

ಓನರ್: ಅಷ್ಟೆತ್ತರದಿಂದ ತೆಗೆದಿದ್ದಾ ಇದು? ದಾರದ ಎಳೆ ಎಳೆ ಎಣಿಸಬಹುದಲ್ಲಮ್ಮ! ಆ ವ್ಯಾನಿನವನು ಹೋದ ಸಲ ತೆಗೆದ ಫೋಟೋದಲ್ಲಿ ಛಾವಣಿ ಯಾವುದು, ರಸ್ತೆ ಯಾವುದು ಅಂತಾನೇ ಗೊತ್ತಾಗಿರಲಿಲ್ಲ. ಎಲ್ಲಾ ಗೋದಾಮೂ ನೀನೇ ಮಾಡು.

ಪೈಲಟಮ್ಮ ಗಂಡನ ಕಡೆ ತಿರುಗಿದಳು. ಮುಖವೆಲ್ಲ ನಗು, ನಗುವೆಲ್ಲ ನೀರು. ಬೆಳಗಿನಿಂದ ಅವನ ಬಾಯಿಗೆ ಬಾರದಿದ್ದ ಹೆಮ್ಮೆಯ ಮಾತು ಈಗ ಬಂದೇಬಿಡುತ್ತದೆ ಎಂದು ಅವಳು ಕಾದಳು. ಅವನು ಮುಂದೆ ಬಂದು, ಟ್ಯಾಬಿನ ಮೇಲೆ ಬಗ್ಗಿ, ಆ ಫೋಟೋವನ್ನು ಬಹಳ ಹೊತ್ತು ಪರೀಕ್ಷಿಸಿ, ಗಂಟಲು ಸರಿಮಾಡಿಕೊಂಡ.

ಟೈಲರ್: ಮೇಡಂ, ಒಂದೇ ಮಾತು. ಸರಿಯಾಗಿ ನೋಡಿ. ಹರಿದಿರೋದು ಬಟ್ಟೆ. ಹೊಲಿಗೆ ಒಂದು ಎಳೆ ಬಿಟ್ಟಿಲ್ಲ.